ಆಸಕ್ತಿ: ಮಣ್ಣು ತಿನ್ನುವುದು

ನಿಮ್ಮ ಆಸಕ್ತಿಗಳೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲಿನಿಂದಲೂ ಕೈಕಾಲು ತಣ್ಣಗಾಗುತ್ತವೆ. ಹೆಣ್ಣು ನೋಡಲು ಹೋದಾಗ ಮಾವನವರು ಕೇಳಿದ್ದರು. ಓದು, ಸಂಗೀತ ಎಂದೆ. ಎರಡೂ ಸುಳ್ಳೆಂದು ಹೆಂಡತಿಗೆ ತಿಳಿಯಲು ಒಂದು ವಾರವೂ ಬೇಕಾಗಲಿಲ್ಲ. ನಿಜ ಹೇಳಬೇಕೆಂದರೆ ಸಂಜೆ ಹೊಸಪೇಟೆಯ ತಳ್ಳುಗಾಡಿಯ ಮುಂದೆ ನಿಂತು ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ಬಜ್ಜಿ ತಿನ್ನುವುದರ ಹೊರತು ನನಗೆ ಬೇರೆ ಆಸಕ್ತಿಯಿಲ್ಲ. ಮಕ್ಕಳ ಡಾಕ್ಟರಾಗಿ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರೂ ಆಗಿ, ಇದನ್ನು ಬಹಿರಂಗವಾಗಿ ಬರೆಯುವಂತಿಲ್ಲ.

ಆದರೆ ಬರೆಯಲೇಬೇಕಾಗಿ ಬಂತು. ನಮ್ಮ ಕಾಲೇಜು ಜಾಲತಾಣ ಮಾಡಿಸಿತು. ಪ್ರತಿಯೊಬ್ಬ ಅಧ್ಯಾಪಕನೂ ಫೋಟೋದ ಜೊತೆ ತನ್ನ ಸಂಶೋಧನಾ ಆಸಕ್ತಿ, ಚಿಕಿತ್ಸಾ ಆಸಕ್ತಿ ಕೊಡಬೇಕೆಂದು ಆಜ್ಞೆಯಾಯಿತು. ನಮ್ಮ ವಿಭಾಗದವರೆಲ್ಲ ನವಜಾತ ಶಿಶುವಿನ ಹೃದಯ, ಮೆದುಳು, ವಂಶವಾಹಿ ಎಂದು ದೊಡ್ಡ ದೊಡ್ಡ ಅಂಗಗಳನ್ನೆಲ್ಲ ಮೊದಲೇ ಹಂಚಿಕೊಂಡುಬಿಟ್ಟಿದ್ದರು. ನಾನು ನಿಧಾನದ ಮನುಷ್ಯ. ಹೋಗಿ ನೋಡುವಷ್ಟರಲ್ಲಿ ಉಳಿದದ್ದು ಎರಡೇ. ಮಣ್ಣು, ಸುಣ್ಣ, ಬಳಪ ತಿನ್ನುವ ಮಕ್ಕಳ ಕಾಯಿಲೆ ಒಂದು, ರಾತ್ರಿ ಹಾಸಿಗೆ ಒದ್ದೆ ಮಾಡುವ ಮಕ್ಕಳ ತೊಂದರೆ ಇನ್ನೊಂದು. ಸಂಡೂರು ಕಡೆಯ ಮಕ್ಕಳಲ್ಲಿ ಮಣ್ಣು ತಿನ್ನುವುದರ ಬಗ್ಗೆ ನಾನೊಂದು ಅಧ್ಯಯನವನ್ನೂ ಆರಂಭಿಸಿದ್ದೆ. ಅದು ಇನ್ನೂ ಆರಂಭವಾಗುತ್ತಲೇ ಇದೆ. ಎರಡಕ್ಕೂ ಇರುವ ಗಂಭೀರ ಇಂಗ್ಲಿಷ್ ಹೆಸರುಗಳನ್ನು ಬರೆದುಕೊಟ್ಟು, ಎಷ್ಟು ಘನವಾಗಿವೆಯಲ್ಲ ಎಂದು ನಾನೇ ಹೆಮ್ಮೆಪಟ್ಟೆ.

ಆಮೇಲೆ ಜನರಿಗೆ ತಿಳಿಯಲೆಂದು ಕನ್ನಡದ ಪುಟವೂ ಬೇಕೆಂದರು. ಕಚೇರಿಯ ಗುಮಾಸ್ತರು ಎಲ್ಲರ ಘನತೆಯನ್ನೂ ಸಾಲಾಗಿ ಫೋನಿನ ಭಾಷಾಂತರಕ್ಕೆ ಹಾಕಿ ತೆಗೆದರು. ಉಳಿದವರಿಗೆ ಏನೂ ಆಗಲಿಲ್ಲ. ಹೃದಯ ಹೃದಯವಾಗಿಯೇ ಹೊರಬಂತು. ನನ್ನ ಊದಿದ ಮುಖದ ಫೋಟೋದ ಕೆಳಗೆ ಮಾತ್ರ ಹೀಗಿತ್ತು: 'ಆಸಕ್ತಿಗಳು: ಮಣ್ಣು ತಿನ್ನುವುದು, ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡುವುದು.'

ಜಾಲತಾಣವನ್ನು ಅದುವರೆಗೆ ಯಾರೂ ನೋಡುತ್ತಿರಲಿಲ್ಲ. ಅಂದು ಎಲ್ಲರೂ ನೋಡಿದರು. ಹೆಂಡತಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಅದಕ್ಕ ನೋಡ್ರಿ, ನಾ ಮಾಡಿದ ಸಾರು ನಿಮಗ ರುಚಿ ಹತ್ತಂಗಿಲ್ಲ" ಎಂದಳು. ಎರಡನೆಯ ಆಸಕ್ತಿ ನೆನಪಾಗಿ, ಹೋಗಿ ಹಾಸಿಗೆಯ ಮೇಲೆ ಕೈಯಾಡಿಸಿ ಬಂದಳು. ಕಂಪ್ಲಿಯಲ್ಲಿ ಗದ್ದೆ ಮಾಡಿಸುವ ಅವಳ ತಮ್ಮ ಫೋನು ಮಾಡಿದ. "ಮಾವ, ನಮ್ಮ ಗದ್ದಿ ಮಣ್ಣು ಒಂದು ಚೀಲ ಕಳಸ್ಲೇನು? ಕಾಲುವಿ ನೀರು ಉಂಡಿದ್ದು, ಭಾಳ ಮಸ್ತ್ ಐತಿ." ಗುಮಾಸ್ತರ ಬಳಿ ಓಡಿದೆ. "ಸೋಮವಾರ ತಿದ್ದೋಣ ಬಿಡ್ರಿ ಸಾರ್, ಸರ್ವರ್ ಡೌನ್ ಐತಿ" ಎಂದರು. ನನ್ನ ಮರ್ಯಾದೆ ತೆಗೆಯುವಾಗ ಅಪ್ ಆಗಿದ್ದ ಸರ್ವರ್ ಅದು.

ಆ ಶನಿವಾರ ಹೊರರೋಗಿ ವಿಭಾಗಕ್ಕೆ ಹುಲಿಗೆಮ್ಮ ಮಗಳನ್ನು ಕರೆದುಕೊಂಡು ಬಂದಳು. ಸಂಡೂರಿನ ಹತ್ತಿರದ ಹಳ್ಳಿಯವಳು. ಮಗಳು ಸುಮಾ ಒಂದನೇ ತರಗತಿಯ ಹುಡುಗಿ, ಸುಣ್ಣದ ಗೋಡೆಯಂತೆ ಬಿಳಿಚಿಕೊಂಡಿದ್ದಳು. ಟಾನಿಕ್ಕು ಕೊಟ್ಟರೆ ರಕ್ತ ಸ್ವಲ್ಪ ಏರುತ್ತಿತ್ತು, ಮತ್ತೆ ಜರ್ರನೆ ಇಳಿಯುತ್ತಿತ್ತು. ಇತ್ತೀಚೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇನ್ನೂ ಇಳಿದರೆ ಹೃದಯಕ್ಕೇ ಕುತ್ತು ಎಂದು ನನಗೆ ನಿಜವಾಗಿಯೂ ಭಯವಾಗಿತ್ತು. ಬಂದಾಗಲೆಲ್ಲ, ಮಣ್ಣು ತಿನ್ನುತ್ತಾಳೇನಮ್ಮ ಎಂದು ಕೇಳುವುದು, "ಏನ್ ಮಾತ್ರಿ ಅದು, ಹೊಟ್ಟಿತುಂಬ ರೊಟ್ಟಿ ಹಾಕ್ತೀನಿ" ಎಂದು ಅವಳು ಸಿಡುಕುವುದು, ಇದೇ ಆಗಿತ್ತು.

ಈ ಸಲ ಅವಳು ಕೂರಲಿಲ್ಲ. ಬಾಗಿಲು ಮುಂದೆ ಮಾಡಿ, ಸೆರಗಿನಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಪರದೆಯ ಮೇಲೆ ನನ್ನದೇ ಊದಿದ ಮುಖ.

"ಇದು ಖರೇ ಏನ್ರಿ?"

ಹಿಂದೆ ನಿಂತಿದ್ದ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಕೆಮ್ಮು ಬಂತು. ಇದು ಕಂಪ್ಯೂಟರಿನ ತಪ್ಪು ಎಂದು ಗದರಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳ ದನಿ ಇಳಿಯಿತು.

"ತಿಂತಾಳ್ರಿ ಸಾರ್. ಮನಿ ಹಿಂದಿನ ಗ್ವಾಡಿ ಕೆರಕೊಂಡು ತಿಂತಾಳ. ಇಕಿ ಹೊಟ್ಟ್ಯಾಗ ಇದ್ದಾಗ ನಾನೂ ತಿಂದೀನಿ. ನಾಕ್ ಮಂದಿಗೆ ಗೊತ್ತಾದ್ರ, ಕೂಸಿಗಿ ಕೂಳು ಹಾಕಲ್ದಾಕಿ ಅಂತ ಆಡ್ಕಂತಾರಂತ ಬಾಯಿ ಬಿಟ್ಟಿದ್ದಿಲ್ಲ. ನಿಮ್ಮಂಥಾ ಡಾಕ್ಟ್ರೇ ಹಿಂಗ ತಿಂತೀನಂತ ಬರ್ಕಂಡಾರಂದ್ರ ನಮಗ್ಯಾಕ ನಾಚ್ಕಿ?"

ಏನು ಮಾಡಲಿ ಹೇಳಿ? ವರ್ಷಗಟ್ಟಲೆ ನನ್ನ ಪದವಿಗಳು ಬಿಡಿಸಲಾಗದ ಬಾಯನ್ನು ಒಂದು ಕೆಟ್ಟ ಭಾಷಾಂತರ ಬಿಡಿಸಿತ್ತು. ಗಂಟಲು ಸರಿಮಾಡಿಕೊಂಡು, "ಹೌದಮ್ಮ, ತಿಂತೀನಿ" ಎಂದೆ. ಕೆಮ್ಮುತ್ತಿದ್ದವನು ಹೊರಗೆ ಓಡಿದ.

ಸುಮಾ ಮೊದಲ ಬಾರಿಗೆ ನನ್ನನ್ನು ಮನುಷ್ಯನಂತೆ ನೋಡಿದಳು. "ಯಾವುದ್ರಿ?"

"ಕೆಂಪು ಮಣ್ಣು."

"ಹಸೀದೋ, ಒಣಾದೋ?"

ನನ್ನ ಅಧ್ಯಯನದ ಪ್ರಶ್ನೆಗಳಲ್ಲಿ ಇದಿರಲಿಲ್ಲ. ಅಂದಾಜಿನ ಮೇಲೆ ಒಣಗಿದ್ದು ಎಂದೆ. "ಹಸೀದು ಚಂದ ಇರ್ತೈತಿ" ಎಂದು ನನಗಾಗಿ ಮರುಗಿದಳು. ಕೊನೆಗೆ ಇಬ್ಬರೂ ಬಿಡುವುದೆಂದು ಒಪ್ಪಂದವಾಯಿತು. ಜಂತುಹುಳದ ಮಾತ್ರೆಯನ್ನು ಮೊದಲು ನಾನೇ ಅಗಿಯಬೇಕಾಯಿತು. ಕಬ್ಬಿಣಾಂಶದ ಸಿರಪ್ಪನ್ನೂ ಅವಳೆದುರು ಒಂದು ಚಮಚ ಕುಡಿದೆ. ಇಷ್ಟು ವರ್ಷ ಅದನ್ನು ಬರೆದುಕೊಡುತ್ತ, ರುಚಿಯಾಗಿದೆ ಕುಡಿ ಪುಟ್ಟಾ ಎನ್ನುತ್ತಿದ್ದೆ. ತುಕ್ಕು ಹಿಡಿದ ಗೇಟು ನೆಕ್ಕಿದಂತಿತ್ತು.

ಸೋಮವಾರ ಗುಮಾಸ್ತರೇ ಹುಡುಕಿಕೊಂಡು ಬಂದರು. ಈಗಲೇ ಬೇಡ, ಇರಲಿ ಎಂದೆ. ತಿದ್ದಿದ ಪುಟವನ್ನು ಹುಲಿಗೆಮ್ಮ ನೋಡಿಬಿಟ್ಟರೆ? ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿ ತುಸು ಹಿಂದಕ್ಕೆ ಸರಿಸಿಕೊಂಡರು.

ಮುಂದಿನ ತಿಂಗಳು ತಾಯಿ ಮಗಳು ಬಂದರು. ಸುಮಾ ಬಾಗಿಲಿನಿಂದ ಓಡುತ್ತಲೇ ಬಂದಳು, ಏದುಸಿರಿಲ್ಲ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ನಸುಗೆಂಪು ಮೂಡಿತ್ತು, ಮಣ್ಣು ಬಿಟ್ಟಿದ್ದಕ್ಕೆ ಈ ಕೆಂಪೇ ಸಾಕ್ಷಿ ಎಂದೆ. ನನಗಾದ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಹುಲಿಗೆಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿದ್ಯಾರ್ಥಿಗಳ ಕಡೆ ತಿರುಗಿ, ರೋಗಿಯ ವಿಶ್ವಾಸ ಗಳಿಸುವುದು ಹೇಗೆಂದು ಪಾಠ ಶುರುಮಾಡಿದೆ.

"ಈಗ ನೀವ್ ತೋರಸ್ರಿ" ಎಂದಳು ಸುಮಾ.

ಬಗ್ಗಿದೆ. ಪುಟ್ಟ ಬೆರಳಿನಿಂದ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು, ಆ ಕಣ್ಣು ಈ ಕಣ್ಣು ನೋಡಿ, ಎರಡರಲ್ಲೂ ಕೆಂಪು ಸಿಗದೆ, ತಾಯಿಯ ಕಡೆ ತಿರುಗಿ ಬೇಸರದಿಂದ ಹೇಳಿದಳು.

"ಅವ್ವಾ, ಇವ್ರು ಸುಳ್ಳು ಹೇಳ್ತಾರ. ಕದ್ದು ತಿನ್ನಾಕತ್ಯಾರ."