ಭಾನುವಾರದ ಅಪ್ಪನೂ ಮೊಗ್ಗಿನ ಜಡೆಯೂ

ಗಂಡನನ್ನು ಬಿಟ್ಟು ಬಂದ ಹೆಂಗಸಿಗೆ ಏನೇನು ಕಷ್ಟ ಬರುತ್ತದೆ ಎಂದು ನನ್ನನ್ನು ಎಚ್ಚರಿಸದವರಿಲ್ಲ. ಊರಿನವರು ಆಡಿಕೊಳ್ಳುತ್ತಾರೆ ಎಂದರು, ಬಾಡಿಗೆಗೆ ಮನೆ ಸಿಗುವುದಿಲ್ಲ ಎಂದರು. ಆದರೆ ಬಿಟ್ಟು ಬಂದ ಗಂಡ ಆಮೇಲೆ ಒಳ್ಳೆಯ ಅಪ್ಪನಾಗಿಬಿಟ್ಟರೆ ಹೊಟ್ಟೆ ಎಷ್ಟು ಉರಿಯುತ್ತದೆ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ನಾವು ಬೇರೆಯಾದಾಗ ಕೋರ್ಟು ಮಗಳು ಸಿರಿಯನ್ನು ನನಗೆ ಕೊಟ್ಟಿತು, ಅವಳಪ್ಪನಿಗೆ ಭಾನುವಾರಗಳನ್ನು ಕೊಟ್ಟಿತು. ನನಗೆ ಕೊರಟಗೆರೆಯಲ್ಲಿ ಬ್ಯಾಂಕಿನ ಕೆಲಸ. ಆತನದು ಮಧುಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಾನು ಮಗಳನ್ನು ಒಪ್ಪಿಸಬೇಕು, ಸಂಜೆ ಅಲ್ಲಿಗೇ ಆತ ತಂದು ಬಿಡಬೇಕು. ಆತನನ್ನು ಏನೆಂದು ಕರೆಯುವುದು ಎಂಬುದೇ ಮೊದಲ ತೊಡಕಾಯಿತು. ‘ರೀ’ ಎನ್ನುವ ಹಕ್ಕನ್ನು ನಾನೇ ಅರ್ಜಿ ಹಾಕಿ ರದ್ದು ಮಾಡಿಸಿಕೊಂಡಿದ್ದೆ; ಹೆಸರು ಹಿಡಿದು ಕರೆಯಲು ನಾಲಿಗೆ ಹೊರಳದು. ಕೊನೆಗೆ ಎದುರಿಗೇ ನಿಂತವನಿಗೆ ಫೋನಿನಲ್ಲಿ ಮಾತನಾಡುವಂತೆ ‘ಹಲೋ’ ಎನ್ನತೊಡಗಿದೆ. ಆತನೂ ‘ಹಲೋ’ ಎಂದು ಮಗಳ ಬ್ಯಾಗು ತೆಗೆದುಕೊಳ್ಳುತ್ತಿದ್ದ.

ಆತ ಕುಡುಕನಲ್ಲ, ಹೊಡೆಯುವವನೂ ಅಲ್ಲ. ಮನೆಯಲ್ಲಿ ಹೆಂಡತಿ, ಮಗು ಎಂಬ ಇಬ್ಬರು ಇದ್ದಾರೆಂಬುದು ಆತನ ಗಮನಕ್ಕೆ ಬಂದಿರಲಿಲ್ಲ, ಅಷ್ಟೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಬಾಚಣಿಗೆ ಎಲ್ಲಿರುತ್ತದೆ ಎಂದು ಗೊತ್ತಿರದ ಮಹಾನುಭಾವ. ಅಂಥವನ ಮನೆಯಿಂದ ಒಂದು ಭಾನುವಾರ ಸಿರಿ ನುಣ್ಣಗೆ ಬಾಚಿದ ಎರಡು ಜಡೆ, ಒಂದೇ ಎತ್ತರಕ್ಕೆ ಕಟ್ಟಿದ ರಿಬ್ಬನ್‌ಗಳೊಂದಿಗೆ ಬಸ್ಸಿಳಿದಳು.

“ಯಾರೇ ಹಾಕಿದ್ದು? ಅಜ್ಜಿನಾ?”

“ಅಪ್ಪ! ಯೂಟ್ಯೂಬ್ ನೋಡಿ ಕಲಿತ್ರು. ಅಜ್ಜಿ ತಲೆ ಮೇಲೆ ಪ್ರಾಕ್ಟೀಸ್ ಮಾಡ್ತಾರೆ. ಈಗ ಅಪ್ಪ ಬಾಚಣಿಗೆ ತಗೊಂಡ್ರೆ ಅಜ್ಜಿ ಸೆರಗು ಹೊದ್ಕೊಂಡು ದೇವರ ಮನೆ ಸೇರ್ಕೊತಾರೆ.”

ಮನೆಗೆ ಬಂದಾಗ ಪಕ್ಕದ ಮನೆಯ ಗಂಗಮ್ಮ ಜಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಗಂಡ್ಸಾಗಿ ಇಂಗೆ ಜಡೆ ಹಾಕವ್ನಲ್ಲ ಕಣಮ್ಮ! ಎಂಥ ಅಪ್ಪ! ಕಣ್ಣಲ್ಲಿ ನೀರು ಬಂದ್ಬುಡ್ತು ನಂಗೆ.” ಮಿಕ್ಕ ದಿನಗಳಲ್ಲಿ ಒಲೆಯ ಮೇಲೆ ಉಪ್ಪಿಟ್ಟು ಸೀಯುತ್ತಿರುವಾಗ, ಸ್ಕೂಲ್ ವ್ಯಾನಿನವನು ಹಾರ್ನ್ ಹೊಡೆಯುತ್ತಿರುವಾಗ ಇದೇ ತಲೆಗೆ ನಾನು ಜಡೆ ಹಾಕುತ್ತೇನೆ. ಅದನ್ನು ಕಂಡು ಗಂಗಮ್ಮನ ಕಣ್ಣು ಒಮ್ಮೆಯೂ ಒದ್ದೆಯಾದದ್ದಿಲ್ಲ. ಸಿಟ್ಟು ತಡೆಯದೆ ನನ್ನ ವಕೀಲರಿಗೆ ಫೋನ್ ಮಾಡಿದೆ.

“ಯಾಕಮ್ಮ, ಮಗೂನ ಸರಿಯಾಗಿ ನೋಡ್ಕೊಳ್ತಿಲ್ವಾ?”

“ನೋಡ್ಕೊಳ್ತಿದಾರೆ ಸಾರ್. ಅದೇ ತೊಂದರೆ.”

“ಇದಕ್ಕೆ ಕಾನೂನಲ್ಲಿ ಏನೂ ಪರಿಹಾರ ಇಲ್ಲಮ್ಮ,” ಎಂದು ವಕೀಲರು ಫೋನಿಟ್ಟರು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ಸಿರಿಗೆ ಕೋಲಾಟ, ಹುಡುಗಿಯರೆಲ್ಲ ಮೊಗ್ಗಿನ ಜಡೆ ಹಾಕಿಕೊಂಡು ಬರಬೇಕು. “ಅಪ್ಪನ ಕೈಲಿ ಹಾಕಿಸ್ಕೋತೀನಿ,” ಎಂದಳು. “ಕಾರ್ಯಕ್ರಮ ಇರೋದು ಶುಕ್ರವಾರ. ಶುಕ್ರವಾರ ನಂದು,” ಎಂದೆ. ಕೋರ್ಟಿನ ಆದೇಶ ಕೈಯಲ್ಲಿರುವ ಹೆಂಗಸು ನಾನು, ಬಿಡುತ್ತೇನೆಯೇ?

ಶುಕ್ರವಾರ ಮಧ್ಯಾಹ್ನ ಬ್ಯಾಂಕಿಗೆ ರಜೆ ಹಾಕಿ, ಮಲ್ಲಿಗೆ ಮೊಗ್ಗು ಹರಡಿಕೊಂಡು ಕೂತೆ. ಸೂಜಿ ನನ್ನ ಬೆರಳಿಗೆ ಚುಚ್ಚಿತು, ಮೊಗ್ಗು ಸಿರಿಯ ಬೆನ್ನಮೇಲೆ ಉದುರಿತು. ಕಟ್ಟಿದ್ದು ಮತ್ತೆ ಜಾರಿತು. ಸಿರಿ ಅಳಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಕೇಳಿದಳು: “ಅಮ್ಮ, ಶುಕ್ರವಾರ ಅವರು ನಮ್ಮಪ್ಪ ಅಲ್ವಾ?”

ಸೂಜಿ ಕೆಳಗಿಟ್ಟು, ಆತನಿಗೆ ಫೋನ್ ಮಾಡಿ ‘ಹಲೋ’ ಎಂದೆ. “ಮೊಗ್ಗಿನ ಜಡೆ,” ಎಂದಷ್ಟೇ ಹೇಳಿದೆ. “ಅಲ್ಲಾಡಿಸ್ಬೇಡ, ಹಂಗೇ ಇರ್ಲಿ. ಸ್ಕೂಲ್‌ಗೆ ಕರ್ಕೊಂಡು ಬಾ, ಬಂದೆ,” ಎಂದ.

ಅಂಗಡಿಯ ಷಟರ್ ಎಳೆದು, ಬೈಕಿನಲ್ಲಿ ಬಂದ. ಶಾಲೆಯ ವರಾಂಡದಲ್ಲಿ ಮಗಳ ಹಿಂದೆ ಮಂಡಿಯೂರಿ ಕೂತು ಮೊಗ್ಗು ಪೋಣಿಸತೊಡಗಿದ. “ಈ ದಾರ ಬಿಗಿಯಾಗಿ ಹಿಡ್ಕೊ ಸುಮಾ,” ಎಂದ, ಹಿಡಿದುಕೊಂಡೆ. ಸಿರಿ ಒಂದು ಕೈಯಲ್ಲಿ ನನ್ನ ಸೆರಗು ಹಿಡಿದುಕೊಂಡು, ಇನ್ನೊಂದರಲ್ಲಿ ಕೋಲು ಕುಟ್ಟುತ್ತಾ ಹಾಡು ಗುನುಗುತ್ತಿದ್ದಳು. ಟೀಚರುಗಳೆಲ್ಲ ಸುತ್ತ ನೆರೆದರು. ಹೆಡ್ ಮೇಡಂ ನನ್ನ ಭುಜ ತಟ್ಟಿ, “ಇಂಥವರನ್ನ ಯಾಕ್ರೀ ಬಿಟ್ರಿ?” ಎಂದು ಎಲ್ಲರೆದುರು ಕೇಳಿಯೇಬಿಟ್ಟರು. ಕೈಯಲ್ಲಿದ್ದ ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆದೆ.

ಆತ ತಲೆಯೆತ್ತದೆ ಹೇಳಿದ: “ಮೇಡಂ, ನಾನು ವಾರಕ್ಕೆ ಒಂದಿನದ ಅಪ್ಪ. ಜೊತೇಲಿದ್ದಾಗ ಒಂದಿನ ಬಾಚಣಿಗೆ ಮುಟ್ಟಿದೋನಲ್ಲ. ಮಗು ಬೆಳೆಸ್ತಿರೋದು ಅವಳು.”

ಇಷ್ಟು ಕಾಲ ಯಾರಾದರೂ ಒಬ್ಬರು ಹೇಳಲಿ ಎಂದು ನಾನು ಕಾದಿದ್ದ ಮಾತು ಅದು. ಈಗಲಾದರೂ ಎಲ್ಲರೂ ನನ್ನತ್ತ ತಿರುಗುತ್ತಾರೆಂದು ಸೆರಗು ಸರಿಮಾಡಿಕೊಂಡೆ. ಹೆಡ್ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು, “ನೋಡ್ರಮ್ಮ, ಎಷ್ಟು ದೊಡ್ಡ ಮನಸ್ಸು ಅವರದು!” ಎಂದರು. ಎಲ್ಲ ಟೀಚರುಗಳೂ ತಲೆದೂಗಿದರು.

ಮೈಯೆಲ್ಲ ಉರಿದುಹೋಯಿತು. ಹೆಡ್ ಮೇಡಂಗೆ ತಿರುಗಿಸಿ ಒಂದು ಮಾತು ಹೇಳೋಣವೆಂದರೆ, ಆ ಹೊತ್ತಿಗಾಗಲೇ ನಾನೂ ತಲೆದೂಗುತ್ತಿದ್ದೆ.