ಖಾಲಾ ಕೇಳಿದ ಜಗಳದ ಕ್ಯಾಸೆಟ್ಟುಗಳು

ಅಮೆರಿಕದ ರ‍್ಯಾಪ್ ಹಾಡುಗಾರರನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡ ಹೆಂಗಸೊಬ್ಬಳು ತುಮಕೂರಿನಲ್ಲಿದ್ದಳು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಆ ಹಾಡುಗಾರರಿಗೂ ಈ ವಿಷಯ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಇಬ್ಬರು ಮೂವರಾದರೂ ಬೇರೆ ಕಸುಬು ಹಿಡಿಯುತ್ತಿದ್ದರು. ಆ ಹೆಂಗಸು ನಮ್ಮ ಖಾಲಾ, ಅಂದರೆ ನನ್ನ ತಾಯಿಯ ಅಕ್ಕ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಬ್ಲೌಸಿಗೆ ಸಂಬಂಧಪಟ್ಟದ್ದು: ಕಟಿಂಗ್, ಲೈನಿಂಗ್, ಹುಕ್ಕು, ಅರ್ಜೆಂಟು.

ಇದು ಎಂಬತ್ತರ ದಶಕದ ನಡುಭಾಗದ ಮಾತು. ನಾನು ಕುಣಿಗಲ್ಲಿನಿಂದ ಬಿ.ಎ. ಓದಲು ತುಮಕೂರಿಗೆ ಬಂದು ಖಾಲಾಳ ಮನೆಯಲ್ಲಿದ್ದೆ. ಮರಳೂರಿನ ಕಡೆ ಎರಡು ಕೋಣೆಯ ಮನೆ. ಮುಂದಿನ ಕೋಣೆ ಹೊಲಿಗೆಗೆ, ಹಿಂದಿನದು ಸಂಸಾರಕ್ಕೆ. ಸಂಸಾರ ಎಂದರೆ ಅವಳೊಬ್ಬಳೇ. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆದರೆ ಅದಕ್ಕೂ ಮೊದಲೇ ಅವಳು ಒಂದು ಮಗುವನ್ನು ಸಾಕಿಯಾಗಿತ್ತು. ಹುಲಿಯೂರುದುರ್ಗದಲ್ಲಿ ಅವಳ ತಾಯಿ ಹೆರಿಗೆಯಲ್ಲಿ ಹೋದಾಗ ಹುಟ್ಟಿದ ಕೂಸು ಹದಿಮೂರು ವರ್ಷದ ಖಾಲಾಳ ಸೊಂಟಕ್ಕೆ ಬಂತು. ಆ ಕೂಸೇ ನಮ್ಮ ಮಾಮು, ಅಂದರೆ ನನ್ನ ಸೋದರಮಾವ. ಅಕ್ಕನನ್ನು ಆಪಾ ಎಂದು ಕರೆಯುತ್ತಿದ್ದ. ಅವಳು ಅವನನ್ನು ಬಾಬು ಎನ್ನುತ್ತಿದ್ದಳು. ನಾನು ಹೇಳುತ್ತಿರುವ ಕಾಲಕ್ಕೆ ಬಾಬುವಿಗೆ ಇಪ್ಪತ್ತೊಂಬತ್ತು ವರ್ಷ, ದುಬೈಯ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ.

ಆ ಅಂಗಡಿಗೆ ಬಂದ ಹೊಸ ಆಲ್ಬಮ್ಮುಗಳಲ್ಲಿ ಡಬ್ಬಿ ಒಡೆದದ್ದು, ಕವರು ಹರಿದದ್ದು ಮಾಮುವಿನ ಪಾಲಿಗೆ ಬರುತ್ತಿದ್ದವು. ಕೆಲವು ಸಲ ಅವನೇ ನಾಲ್ಕಾರು ಆಲ್ಬಮ್ಮುಗಳಿಂದ ಹಾಡು ಆರಿಸಿ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬುತ್ತಿದ್ದ. ಹಿಂದಿ ಹಾಡಿನ ಕ್ಯಾಸೆಟ್ಟುಗಳನ್ನು ಡಬ್ಬಿ ಒಡೆದಿದ್ದರೂ ಜನ ಬಿಡುತ್ತಿರಲಿಲ್ಲವಂತೆ. ಉಳಿಯುತ್ತಿದ್ದದ್ದು ರ‍್ಯಾಪ್. ಹೀಗಾಗಿ ಊರಿಗೆ ಬರುವವರ ಚೀಲದಲ್ಲಿ ಖರ್ಜೂರ, ಸೋಪಿನ ಜೊತೆ ನಮ್ಮ ಮನೆಗೆ ರ‍್ಯಾಪ್ ಬರತೊಡಗಿತು. ಜೊತೆಗೊಂದು ಚೀಟಿ: "ಆಪಾ, ಇದು ಇಲ್ಲಿ ಹೊಸದು. ಕೇಳಿ ಹೇಗಿದೆ ಹೇಳು."

ಹೇಳು ಎಂದ ಮೇಲೆ ಖಾಲಾ ಸುಮ್ಮನಿರುವವಳೇ? ಬರೆಯಲು ಅವಳ ಕೈ ಓಡುತ್ತಿರಲಿಲ್ಲ. ಮಾಮು ಹಿಂದಿನ ರಜೆಗೆ ಬಂದಾಗ ತಂದುಕೊಟ್ಟ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ತನ್ನ ಅಭಿಪ್ರಾಯವನ್ನು ಮಾತಿನಲ್ಲೇ ತುಂಬಿಸಿ, ದುಬೈಗೆ ಹೋಗುವವರನ್ನು ಹುಡುಕಿ ಕಳಿಸುತ್ತಿದ್ದಳು. ಗುಂಡಿ ಒತ್ತುವುದು ನನ್ನ ಕೆಲಸ. ನಮ್ಮ ಮನೆಮಾತು ಉರ್ದು. ಆದರೆ ಕ್ಯಾಸೆಟ್ಟಿನ ಅಭಿಪ್ರಾಯ ಮಾತ್ರ ಹುಲಿಯೂರುದುರ್ಗದ ಅಪ್ಪಟ ಕನ್ನಡದಲ್ಲೇ ಆಗಬೇಕು. ಯಾಕೆ ಎಂದು ನಾನೊಮ್ಮೆ ಕೇಳಿದೆ.

"ಉರ್ದೂಲಿ ಬಯ್ದ್ರೆ ಬಯ್ದಂಗೇ ಆಗಲ್ಲ ಕಣೇ," ಎಂದಳು. "ಶರಬತ್ತು ಕೊಟ್ಟಂಗಾಗುತ್ತೆ."

ಅವಳು ಕೇಳುವ ರೀತಿಗೆ ಒಂದು ಶಿಸ್ತಿತ್ತು. ಟೇಪ್ ರೆಕಾರ್ಡರನ್ನು ಹೊಲಿಗೆ ಮಿಷನ್ನಿನ ಮೇಲೇ ಇಡಬೇಕು. ಹಾಡು ಶುರುವಾದ ಕೂಡಲೇ ಅವಳ ಕಾಲು ಪೆಡಲಿಗೆ ಹೋಗಬೇಕು. ಹಾಡಿನ ಲಯಕ್ಕೆ ಮಿಷನ್ ಹೊಂದಿದರೆ ಒಂದು ಮಟ್ಟ, ಹೊಂದದಿದ್ದರೆ ಹಾಡುಗಾರನ ಕಥೆ ಅಲ್ಲಿಗೆ ಮುಗಿಯಿತು. "ಇದು ಪೆಟಿಕೋಟಿಗಾಗುತ್ತೆ, ಉದ್ದಕ್ಕೆ ಒಂದೇ ಹೊಲಿಗೆ," ಎನ್ನುತ್ತಿದ್ದಳು ಒಂದಕ್ಕೆ. "ಇದು ಗುಂಡಿಗೆ ಕಾಜಾ ಹಾಕಕ್ಕಷ್ಟೇ, ಇದ್ದಲ್ಲೇ ಕುಟ್ಟುತ್ತೆ," ಎನ್ನುತ್ತಿದ್ದಳು ಇನ್ನೊಂದಕ್ಕೆ. ಒಂದು ಅತಿವೇಗದ ಆಲ್ಬಮ್ ಕೇಳಿದ ದಿನ ಒಬ್ಬ ಮದುಮಗಳ ಬ್ಲೌಸಿನ ಎಡತೋಳು ಬಲತೋಳಿಗಿಂತ ಒಂದಿಂಚು ಬಿಗಿಯಾಯಿತು. ತಪ್ಪು ಯಾರದು? ಹಾಡುಗಾರನದೇ. ಅವನ ಮೇಲೆ ಅಂದು ಅರ್ಧ ಕ್ಯಾಸೆಟ್ಟು ಬೈಗುಳ ತುಂಬಿತು.

ಅರ್ಥ ಹೇಳುವ ಹೊಣೆ ನನ್ನದು. ಬಿ.ಎ. ಓದುವ ಹುಡುಗಿಗೆ ಇಂಗ್ಲಿಷ್ ಬರಲೇಬೇಕಲ್ಲವೇ? ನನಗೆ ಹತ್ತಕ್ಕೆ ಒಂದು ಮಾತು ತಿಳಿದರೆ ಹೆಚ್ಚು. ಆದರೂ ಮುಖ ಗಂಭೀರ ಮಾಡಿಕೊಂಡು ಕೂರುತ್ತಿದ್ದೆ.

"ಏನಂತಾವ್ನೆ?"

"ತಾನೇ ಎಲ್ಲರಿಗಿಂತ ದೊಡ್ಡವನು ಅಂತಿದಾನೆ ಖಾಲಾ."

"ಈ ಹಾಡಲ್ಲಿ?"

"ಇದ್ರಲ್ಲೂ ಅದೇ. ಬೇರೆಯವರಿಗೆ ಹಾಡೋಕೇ ಬರಲ್ಲ ಅಂತಿದಾನೆ."

ಖಾಲಾ ಪೆಡಲು ನಿಲ್ಲಿಸಿ ಟೇಪ್ ರೆಕಾರ್ಡರನ್ನು ಕರುಣೆಯಿಂದ ನೋಡಿದಳು. "ಪಾಪ, ಮನೇಲಿ ಯಾರೂ ಒಂದು ಒಳ್ಳೆ ಮಾತು ಆಡಿಲ್ಲ ಅನ್ಸುತ್ತೆ. ಅದಕ್ಕೇ ತನ್ನನ್ನ ತಾನೇ ಹೊಗಳ್ಕೋತಾವ್ನೆ."

ಎದುರುಮನೆಯ ಗೌರಮ್ಮ ದಿನವೂ ಪೂಜೆ ಮುಗಿಸದೆ ಹೊಸ್ತಿಲು ದಾಟುವವರಲ್ಲ. ಒಂದು ಬೆಳಗ್ಗೆ ಹಣೆಯ ವಿಭೂತಿ ಆರುವ ಮೊದಲೇ ಓಡಿಬಂದರು. "ಯಾರೋ ಗಂಡಸ್ರು ಭಾರಿ ಜಗಳ ಆಡ್ತಾವ್ರಲ್ಲಾ, ಬಿಡ್ಸಣಾಂತ ಬಂದೆ."

"ಜಗಳ ಅಮೆರಿಕದಲ್ಲಿ ಕಣೇ ಗೌರಮ್ಮ," ಎಂದಳು ಖಾಲಾ ದಾರ ಪೋಣಿಸುತ್ತ. "ನಾವು ಹೋಗೋ ಹೊತ್ಗೆ ಮುಗ್ದೋಗಿರುತ್ತೆ, ಕೂತ್ಕೋ." ಅಂದಿನಿಂದ ನಮ್ಮ ಬೀದಿಯಲ್ಲಿ ಅವಕ್ಕೆ ಜಗಳದ ಕ್ಯಾಸೆಟ್ಟು ಎಂದೇ ಹೆಸರಾಯಿತು.

ಒಂದು ಸಲ ಬಂದ ಆಲ್ಬಮ್ಮಿನಲ್ಲಿ ಹಾಡಿನ ನಡುನಡುವೆ ಗರ್ ಗರ್ ಎಂದು ತಗಡು ಉಜ್ಜಿದಂತೆ ಸದ್ದು. ಟೇಪ್ ರೆಕಾರ್ಡರ್ ಕೆಟ್ಟಿತೆಂದು ಖಾಲಾ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ರಿಪೇರಿ ಅಂಗಡಿಗೆ ಹೋದಳು. ರಿಪೇರಿಯವರು ಬಿಚ್ಚಿ, ಒರೆಸಿ, ಕೊಟ್ಟರು. ಮನೆಯಲ್ಲಿ ಹಾಕಿದರೆ ಮತ್ತೆ ಗರ್ ಗರ್. ಮತ್ತೆ ಹೋದಳು. ಮೂರನೆಯ ಸಲ ಅವರು, "ಅಮ್ಮಾ, ನಿಮ್ಮ ಟೇಪ್ ರೆಕಾರ್ಡರಲ್ಲಿ ಇನ್ನು ಬಿಚ್ಚಕ್ಕೆ ಏನೂ ಉಳಿದಿಲ್ಲ," ಎಂದು ಕೈಮುಗಿದರು. ಕೊನೆಗೆ ಮಾಮುವಿನ ಕಾಗದ ಬಂತು: ಆ ಸದ್ದನ್ನು ಅವರು ಬೇಕೆಂದೇ ಮಾಡುತ್ತಾರೆ, ತಿರುಗುವ ಪ್ಲೇಟನ್ನು ಕೈಯಿಂದ ಹಿಂದೆ ಮುಂದೆ ಉಜ್ಜುತ್ತಾರೆ, ಅದೇ ಅದರ ಹೆಚ್ಚುಗಾರಿಕೆ.

ಖಾಲಾ ಎರಡು ದಿನ ಆ ಕಾಗದವನ್ನು ನನ್ನ ಕೈಲಿ ಮತ್ತೆ ಮತ್ತೆ ಓದಿಸಿದಳು. ಮೂರನೆಯ ದಿನ ನನ್ನ ಕೈಲಿ ಗುಂಡಿ ಒತ್ತಿಸಿದಳು. "ಬಾಬೂ, ಬೇಕೂಂತ ಕೆಡಿಸ್ತಾರಾ? ಸರಿ ಬುಡು. ನಾನೂ ಇನ್ಮೇಲೆ ಒಂದು ತೋಳು ಬಿಟ್ಟು ಬ್ಲೌಸ್ ಹೊಲ್ಕೊಡ್ತೀನಿ. ಕೇಳಿದ್ರೆ, ಇದೇ ಇದರ ಹೆಚ್ಚುಗಾರಿಕೆ ಅಂತೀನಿ. ಯಾರು ಹಾಕ್ಕೋತಾರೆ ನೋಡಣ."

ಇಷ್ಟೆಲ್ಲ ಬಯ್ದರೂ ಅವಳು ಒಂದೇ ಒಂದು ಕ್ಯಾಸೆಟ್ಟನ್ನೂ ಎಸೆದವಳಲ್ಲ, ಅರ್ಧಕ್ಕೆ ನಿಲ್ಲಿಸಿದವಳಲ್ಲ. ಎರಡೂ ಬದಿ ಪೂರ್ತಿ ಕೇಳುತ್ತಿದ್ದಳು. ಕೇಳುವುದು ಅಷ್ಟು ಕಷ್ಟವಾದರೆ ಬೇರೆ ಕಳಿಸಲು ಹೇಳಬಾರದೇ ಎಂದರೆ, "ಅವ್ನು ಕಳ್ಸಿದ್ದು ಕೇಳ್ಬೇಕು. ಬಯ್ಯೋದು ಆಮೇಲಿನ ಮಾತು," ಎನ್ನುವಳು.

ಅವಳು ಮೆಚ್ಚಿದ ರ‍್ಯಾಪುಗಾರ ಒಬ್ಬನೇ. ಅವನು ನಮ್ಮ ಬಸ್ ಸ್ಟ್ಯಾಂಡಿನಲ್ಲಿದ್ದ, ಖಾಸಗಿ ಬಸ್ಸಿಗೆ ಜನ ಕೂಗಿ ತುಂಬಿಸುವ ಏಜೆಂಟ್. ನಾವಿಬ್ಬರೂ ಕುಣಿಗಲ್ಲಿಗೆ ಹೊರಟಿದ್ದೆವು. ಅವನು ಬಾಗಿಲ ತಗಡಿಗೆ ತಾಳ ಬಡಿಯುತ್ತ, "ಹೆಬ್ಬೂರ್ ಕುಣಿಗಲ್ ಹುಲಿಯೂರುದುರ್ಗ ಮದ್ದೂರ್, ಕೂತ್ಕಳಿ ಕೂತ್ಕಳಿ ಸೀಟೈತೆ, ಅಜ್ಜಿಗೊಂದ್ ಜಾಗ ಬುಡ್ರಪ್ಪೋ, ಹೆಬ್ಬೂರ್ ಕುಣಿಗಲ್..." ಎಂದು ಉಸಿರು ಬಿಡದೆ ಕೂಗುತ್ತಿದ್ದ. ಖಾಲಾ ಎರಡು ಬಸ್ಸು ಬಿಟ್ಟು ಕೇಳುತ್ತ ನಿಂತಳು. ಮುಂದಿನ ವಾರ ಟೇಪ್ ರೆಕಾರ್ಡರನ್ನು ಬುರ್ಖಾದೊಳಗೆ ಅಡಗಿಸಿಕೊಂಡು ಹೋಗಿ, ಅವನ ಕೂಗನ್ನು ಹದಿನೈದು ನಿಮಿಷ ಹಿಡಿದುಕೊಂಡು ಬಂದಳು. ನಾನು ಅವಳ ಪಕ್ಕದಲ್ಲಿ ಯಾರೋ ಪರಿಚಯವಿಲ್ಲದವಳಂತೆ ನಿಂತಿದ್ದೆ. ಹಾಡು ಎಂದರೆ ಹೀಗಿರಬೇಕು ಎಂದು ನಿಮ್ಮ ಅಮೆರಿಕದವರಿಗೆ ಕೇಳಿಸು ಎಂಬ ಆದೇಶದೊಂದಿಗೆ ಆ ಕ್ಯಾಸೆಟ್ಟು ದುಬೈಗೆ ಹೋಯಿತು. ಅಮೆರಿಕದವರಿಗೆ ಅದು ಮುಟ್ಟಲಿಲ್ಲ. ಆದರೆ ಮಾಮು ಬರೆದಿದ್ದ: "ನಮ್ಮ ರೂಮಿನಲ್ಲಿ ಮದ್ದೂರಿನವನೊಬ್ಬ ಇದ್ದಾನೆ. ಕೆಲಸದಿಂದ ಬಂದವನೇ ಅದನ್ನು ಹಾಕು ಅನ್ನುತ್ತಾನೆ. ಮದ್ದೂರು ಅಂದಾಗಲೆಲ್ಲ ಎದ್ದು ಕೂರುತ್ತಾನೆ."

ನನ್ನ ಕೊನೆಯ ವರ್ಷದ ಓದು ನಡೆದಿದ್ದಾಗ ಹದಿನೇಳನೆಯದೋ ಹದಿನೆಂಟನೆಯದೋ ಕ್ಯಾಸೆಟ್ಟು ಬಂತು. ಮಾಮುವೇ ಆರಿಸಿ ತುಂಬಿದ್ದ ಹಾಡುಗಳು. ಮದುವೆಗಳ ಕಾಲ, ಖಾಲಾಳ ಮುಂದೆ ಬ್ಲೌಸಿನ ಬಟ್ಟೆಗಳು ರಾಶಿ ಬಿದ್ದಿದ್ದವು. ಅಂದು ಅವಳು ಪೆಡಲು ತುಳಿಯಲಿಲ್ಲ. ಗೋಡೆಗೊರಗಿ ಎರಡೂ ಬದಿ ಕೇಳಿದಳು. ನನ್ನನ್ನು ಅರ್ಥ ಕೇಳಲಿಲ್ಲ. ಆಮೇಲೆ ಗುಂಡಿ ಒತ್ತು ಎಂದಳು.

"ಬಾಬೂ, ಇದು ಚೆನ್ನಾಗದೆ ಕಣೋ. ಎಲ್ಲಾ ಹಾಡೂ ಚೆನ್ನಾಗವೆ. ನೀನು ಆರ್ಸಿರೋದು ಭಾಳ ಚೆನ್ನಾಗದೆ. ಹೊತ್ತೊತ್ತಿಗೆ ಊಟ ಮಾಡು."

ಅಷ್ಟೇ. ಒಂದು ನಿಮಿಷವೂ ಆಗಲಿಲ್ಲ. ನಾನು ನಕ್ಕುಬಿಟ್ಟೆ. "ಖಾಲಾ, ಕಡೆಗೂ ಅಮೆರಿಕದವರು ಪಾಸಾದ್ರು," ಎಂದೆ. ಅವಳೂ ನಕ್ಕಳು. ಪರಿಚಯದವರ ಮಗ ದುಬೈಗೆ ಹೊರಟಿದ್ದ, ಅವನ ಕೈಗೆ ಕ್ಯಾಸೆಟ್ಟು ಕೊಟ್ಟುಬಂದೆ.

ಐದು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಬಾಗಿಲಲ್ಲಿ ಮಾಮು ನಿಂತಿದ್ದ. ಕೈಯಲ್ಲಿ ಒಂದೇ ಸಣ್ಣ ಚೀಲ. ಖರ್ಜೂರವಿಲ್ಲ, ಸೋಪಿಲ್ಲ. ಗಡ್ಡ ಬೆಳೆದಿತ್ತು.

"ಏನ್ಲಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ?" ಎಂದಳು ಖಾಲಾ, ಮಿಷನ್ನಿನಿಂದ ಏಳದೆ.

"ಏನಾಗಿದೆ ಆಪಾ ನಿಂಗೆ?"

"ನಂಗೇನಾಗದೆ? ಕಲ್ಲುಗುಂಡಿನಂಗಿವ್ನಿ."

"ಚೆನ್ನಾಗದೆ ಅಂದ್ಯಲ್ಲಾ."

"ಚೆನ್ನಾಗಿತ್ತು, ಅಂದೆ."

"ಇಷ್ಟು ವರ್ಷದಲ್ಲಿ ಒಂದಕ್ಕೂ ಅನ್ಲಿಲ್ಲ. ಆ ಕ್ಯಾಸೆಟ್ ಹತ್ತು ಸಲ ಹಾಕಿ ಕೇಳ್ದೆ. ಮಾಲೀಕನ ಕಾಲು ಹಿಡ್ದು ರಜಾ ತಗಂಡು ಬಂದಿದೀನಿ. ಏನಾಗಿದೆ ಹೇಳು."

ಖಾಲಾ ಮಿಷನ್ನಿನ ಚಕ್ರವನ್ನು ಸುಮ್ಮನೆ ಎರಡು ಸುತ್ತು ತಿರುಗಿಸಿದಳು. ಸೂಜಿಯಲ್ಲಿ ದಾರವಿರಲಿಲ್ಲ. ಆಮೇಲೆ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು. ಎದೆಯಲ್ಲಿ ಒಂದು ಗಂಟು ಎದ್ದಿತ್ತು. ಲೇಡಿ ಡಾಕ್ಟರಿಗೆ ತೋರಿಸಿದ್ದಳು. ಆಪರೇಷನ್ ಮಾಡಲೇಬೇಕು, ಮಾಡಿದ ಮೇಲೇ ಏನೆಂದು ಗೊತ್ತಾಗುವುದು ಎಂದಿದ್ದರು. ಮದುವೆಯ ಬ್ಲೌಸುಗಳೆಲ್ಲ ಮುಗಿಯಲಿ ಎಂದು ದಿನ ತಳ್ಳುತ್ತ ಬಂದಿದ್ದಳು. ಯಾರಿಗೂ ಹೇಳಿರಲಿಲ್ಲ.

ನಾನು ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ, ಅವಳ ಮಗ್ಗುಲಲ್ಲೇ ಮೂರು ವರ್ಷ ಮಲಗಿದವಳು ನಾನು. ಆ ಮಾತುಗಳಿಗೆ ಗುಂಡಿ ಒತ್ತಿದವಳೂ ನಾನೇ. ನನಗೆ ಕೇಳಿಸದೆ ಹೋದದ್ದು ಸಮುದ್ರದಾಚೆ ಕೂತವನಿಗೆ ಕೇಳಿಸಿತ್ತು.

ಮುಂದಿನ ವಾರ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಉಳಿದಿದ್ದ ಏಳು ಬ್ಲೌಸುಗಳನ್ನು ಗೌರಮ್ಮ ಮುಂದೆ ನಿಂತು ಬೇರೆಯವರಿಂದ ಹೊಲಿಸಿ ಕೊಟ್ಟರು. ಕುಣಿಗಲ್ಲಿನಿಂದ ಅಮ್ಮ ಬಂದಳು. ಮಾಮು ಮಾತ್ರ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಮೂರನೆಯ ದಿನ ಡಾಕ್ಟರು ಬಂದು, ಗಂಟು ಕೆಟ್ಟದ್ದಲ್ಲ, ಹೆದರಬೇಕಾಗಿಲ್ಲ ಎಂದರು. ಮಾಮು ಗೋಡೆಯ ಕಡೆ ತಿರುಗಿ ನಿಂತ. ಆಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು ಅಕ್ಕನ ಮಂಚದ ಪಕ್ಕ ಕೂತ.

ಖಾಲಾ ಕಣ್ಣು ಬಿಟ್ಟು ಅವನನ್ನೇ ನೋಡಿದಳು. ಬೆರಳಿನಿಂದ ಹತ್ತಿರ ಬಾ ಎಂದು ಕರೆದಳು. ನೀರು ಬೇಕೇನೋ ಎಂದು ನಾನು ಲೋಟ ತೆಗೆದುಕೊಂಡೆ.

"ಬಾಬೂ, ನಿಜ ಹೇಳ್ಲಾ?" ಎಂದಳು ಸಣ್ಣ ದನಿಯಲ್ಲಿ. "ಆ ಕಡೇ ಕ್ಯಾಸೆಟ್ಟೂ ಚೆನ್ನಾಗಿರ್ಲಿಲ್ಲ ಕಣೋ."

ಮಾಮು ಅವಳ ಕಾಲ ಮೇಲಿನ ಹೊದಿಕೆಯನ್ನು ಸರಿಮಾಡಿದ.

"ಗೊತ್ತು ಆಪಾ," ಎಂದ. "ಅದಕ್ಕೇ ಬಂದೆ."