ಒಂಬತ್ತನೇ ಕೊಠಡಿಯ ಬಾಗಿಲ ಹಿಡಿಕೆ ಮತ್ತು ಶೇಕಡಾ 102.38

ಕಲಿಕೆ, ನಿರಂತರತೆ ಹಾಗೂ ಬೋಧನಾ ಸಂಶೋಧನಾ ಕೋಶ
ಕಾಲೇಜಿನ ಹಳೇ ಕಟ್ಟಡ, ಮೊದಲ ಮಹಡಿ, ಕುಡಿಯುವ ನೀರಿನ ನಲ್ಲಿಯ ಪಕ್ಕ

ಸಂಖ್ಯೆ: ಕನಿಬೋ/ಬಾಹಿ/43/42

ಸುತ್ತೋಲೆ

ವಿಷಯ: ತರಗತಿ ಮುಗಿಯುವ ತನಕ ವಿದ್ಯಾರ್ಥಿಗಳು ಕೂತಿರುವುದೇಕೆ ಎಂಬ ಬಗ್ಗೆ, ಬಾಗಿಲ ಹಿಡಿಕೆಗಳ ಬಗ್ಗೆ, ಸಂಖ್ಯಾಶಾಸ್ತ್ರ ತರಗತಿಯನ್ನು ಮುಚ್ಚುವ ಆದೇಶದ ಬಗ್ಗೆ.

ಉಲ್ಲೇಖ: 1. ಇದೇ ಕೋಶದ ಹಿಂದಿನ ಸುತ್ತೋಲೆ (ಓದಿದವರು ಮೂವರು, ಅದರಲ್ಲಿ ಇಬ್ಬರು ಟೈಪ್ ಮಾಡಿದವರು).
2. ಬಡಗಿಯವರ ಟಿಪ್ಪಣಿ, ಉಪ್ಪುಕಾಗದದ ಹಿಂಬದಿಯಲ್ಲಿ ಬರೆದದ್ದು.
3. ನಗು, ಒಂಬತ್ತನೇ ಕೊಠಡಿ, ಬೆಳಿಗ್ಗೆ 11.35.

*

ಈ ಕೆಳಗಿನದು ನಿಜವಾಗಿಯೂ ನಡೆದ ಸಂಗತಿ. ನಡೆಯದ ಸಂಗತಿಗಳನ್ನು ಎಂದಿನಂತೆ ಕೋಶದ ವಾರ್ಷಿಕ ವರದಿಯಲ್ಲಿ ಪ್ರಕಟಿಸಲಾಗುವುದು. ಇದಕ್ಕೆ ಸಹಿ ಮಾಡಿರುವ ಕೋಶದ ಮುಖ್ಯಸ್ಥರನ್ನು ಇನ್ನು ಮುಂದೆ 'ಕೆಳಸಹಿದಾರರು' ಎಂದು ಕರೆಯಲಾಗುವುದು. ಸ್ಟಾಫ್ ರೂಮಿನಲ್ಲಿ ಅವರನ್ನು ಏನೆಂದು ಕರೆಯಲಾಗುತ್ತಿದೆ ಎಂಬುದೂ ಕೋಶದ ಗಮನಕ್ಕೆ ಬಂದಿದೆ.

1. ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೇ ಬಿಟ್ಟು ಹೋಗುವುದೇಕೆ ಎಂಬ ಸಂಶೋಧನೆಯ ಸಲುವಾಗಿ, 'ನಿರಂತರತೆ' ಎಂದರೆ ಗಂಟೆ ಹೊಡೆದಾಗ ಬೆಂಚಿನ ಮೇಲೆ ಇರುವುದು ಎಂದು ಕೆಳಸಹಿದಾರರು ನಿರ್ಧರಿಸಿದ್ದರು. ಅದರಂತೆ ಎಣಿಕೆ ಸಹಾಯಕರು ಪ್ರತಿ ತರಗತಿಯ ಕೊನೆಯ ಒಂದು ನಿಮಿಷ ಕಿಟಕಿಯ ಹೊರಗೆ ನಿಂತು ತಲೆ ಎಣಿಸುತ್ತಿದ್ದರು. ನಿದ್ರಿಸುತ್ತಿರುವ ತಲೆಯನ್ನು ಒಂದು ಎಂದೂ, ಬೆಂಚಿನ ಕೆಳಗೆ ಪೆನ್ನು ಹುಡುಕುತ್ತಿರುವ ತಲೆಯನ್ನು ಅರ್ಧ ಎಂದೂ ಪರಿಗಣಿಸಲಾಗಿತ್ತು.

2. ಒಂಬತ್ತನೇ ಕೊಠಡಿಯ ಸಂಖ್ಯಾಶಾಸ್ತ್ರ ತರಗತಿಯಲ್ಲಿ ದಾಖಲಾದವರು 42. ಕೊನೆಯ ತನಕ ಉಳಿದವರು ಹದಿನೇಳೂವರೆ. ಅಲ್ಲಿನ ಉಪನ್ಯಾಸಕಿ, ವಿದ್ಯಾರ್ಥಿಗಳ ಬಾಯಲ್ಲಿ 'ಸರಾಸರಿ ಮೇಡಂ', ಹನ್ನೊಂದು ವರ್ಷಗಳಿಂದ ಕಪ್ಪು ಹಲಗೆಗೆ ಪಾಠ ಮಾಡುತ್ತಿದ್ದು, ಹಲಗೆಯಿಂದ ಈವರೆಗೆ ಯಾವುದೇ ದೂರು ಬಂದಿರುವುದಿಲ್ಲ. ಆದರೂ ಉಳಿದವರು ಅರ್ಧಕ್ಕಿಂತ ಕಡಿಮೆಯಾದ್ದರಿಂದ, ಶೈಕ್ಷಣಿಕ ಅವಧಿಯ ಕೊನೆಗೆ ತರಗತಿಯನ್ನು ಮುಚ್ಚತಕ್ಕದ್ದೆಂದೂ, ಮೇಡಂ ಅವರನ್ನು ಉತ್ತರಪತ್ರಿಕೆಗಳ ಉಗ್ರಾಣದಲ್ಲಿ ಕಟ್ಟು ಕಟ್ಟುವ ಕೆಲಸಕ್ಕೆ ಹಾಕತಕ್ಕದ್ದೆಂದೂ ಕೆಳಸಹಿದಾರರು ಆದೇಶಿಸಿದರು. ಆದೇಶವನ್ನು ಎರಡು ಬಾರಿ ಓದಿದ ಮೇಡಂ ಅವರು, "ದಾರ ನೀವೇ ಕೊಡ್ತೀರಾ, ಇಲ್ಲಾ ನಾನೇ ತರ್ಬೇಕಾ?" ಎಂದು ಮಾತ್ರ ವಿಚಾರಿಸಿರುತ್ತಾರೆ.

3. ಮುಂದಿನ ತಿಂಗಳಿಂದ ಅದೇ ಕೊಠಡಿಯಲ್ಲಿ ಪ್ರತಿದಿನ 42ಕ್ಕೆ 42 ತಲೆಗಳು ಕಂಡುಬಂದವು. ಕೆಳಸಹಿದಾರರು ದಂಗಾದರು. ಮೇಡಂ ಅವರ ವಿಧಾನವನ್ನು ಬರೆದು ತರುವಂತೆ ಎಣಿಕೆ ಸಹಾಯಕರನ್ನು ಕಳುಹಿಸಲಾಯಿತು. ಅವರು ಕಂಡದ್ದು ಕೊನೆಯ ಒಂದು ನಿಮಿಷ: ಮೇಡಂ ಹಲಗೆಯ ಮೇಲೆ ಹೋಂವರ್ಕ್ ಬರೆಯುತ್ತ, ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆ ತಡಕಾಡುತ್ತ, 'ಗೊತ್ತಾಯ್ತಲ್ಲ?' ಎಂದು ಎರಡು ಬಾರಿ ಕೇಳಿದರು. ಇದನ್ನು ತರಗತಿಯ ಐವತ್ತು ನಿಮಿಷಗಳಿಂದ ಗುಣಿಸಿ, ಎಲ್ಲ ಉಪನ್ಯಾಸಕರೂ ತರಗತಿಗೆ ನೂರು ಬಾರಿ 'ಗೊತ್ತಾಯ್ತಲ್ಲ?' ಎನ್ನತಕ್ಕದ್ದೆಂದೂ, ಇರುವ ಕನ್ನಡಕವನ್ನು ಹುಡುಕತಕ್ಕದ್ದೆಂದೂ, ಕನ್ನಡಕವಿಲ್ಲದವರು ಕೋಶದಿಂದ ಒಂದನ್ನು ಪಡೆದು ಹುಡುಕತಕ್ಕದ್ದೆಂದೂ ಸೂಚಿಸಲಾಯಿತು. ಪರಿಣಾಮ: ಇತಿಹಾಸದ ಉಪನ್ಯಾಸಕರಿಗೆ ನೂರು ಮುಗಿಯುವಷ್ಟರಲ್ಲಿ ಇತಿಹಾಸಕ್ಕೆ ಸಮಯವೇ ಉಳಿಯಲಿಲ್ಲ, ಭೌತಶಾಸ್ತ್ರದವರು ಕನ್ನಡಕ ಹುಡುಕುತ್ತ ವೇದಿಕೆಯಿಂದ ಕೆಳಗೆ ಬಿದ್ದು, ವಿಷಯವನ್ನು ಪ್ರಯೋಗದ ಮೂಲಕ ವಿವರಿಸಿದಂತಾಯಿತು. ಎರಡೂ ತರಗತಿಗಳು ಖಾಲಿಯಾದವು.

4. ಆದ್ದರಿಂದ ಕೆಳಸಹಿದಾರರೇ ಖುದ್ದಾಗಿ, ಮುನ್ನಾದಿನ ಲಿಖಿತ ಸೂಚನೆ ಕಳುಹಿಸಿ, ತಮ್ಮ ಸೇವೆಯಲ್ಲಿ ಮೊದಲ ಬಾರಿಗೆ, ಒಂದು ತರಗತಿಯೊಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಇಂಥ ಪರಿಶೀಲನೆಗೆ ಹತ್ತು ನಿಮಿಷ ಸಾಕೆಂದು ಅವರೇ ನಿಯಮ ಮಾಡಿದ್ದರು. ಎರಡು ಸಲ ಗಡಿಯಾರ ನೋಡಿ, ಹನ್ನೆರಡನೇ ನಿಮಿಷಕ್ಕೆ ಮೆಲ್ಲಗೆ ಎದ್ದು ಬಾಗಿಲಿಗೆ ಹೋದರು. ಬಾಗಿಲಿಗೆ ಒಳಗಡೆ ಹಿಡಿಕೆಯೇ ಇರಲಿಲ್ಲ. ಇದ್ದದ್ದು ಒಂದು ತೂತು. ತೂತಿನಲ್ಲಿ ಕೆಳಸಹಿದಾರರ ಬೆರಳು ಪ್ರವೇಶಿಸಿದ್ದು, ಹೊರಬರಲು ಸ್ವಲ್ಪ ವಿಳಂಬವಾಯಿತು. ಆಗ ಕೊನೆಯ ಬೆಂಚಿನ ಹುಡುಗಿ, ವಾದದಲ್ಲಿ ಯಾರನ್ನೂ ಬಿಡದ ಕಾರಣ 'ವಕೀಲೆ' ಎಂದು ಹೆಸರಾದವಳು, ಈ ಕೆಳಗಿನಂತೆ ಹೇಳಿದ್ದು ದಾಖಲಾಗಿದೆ: "ಹಿಡಿಕೆ ಕಿತ್ತೋಗಿದೆ ಸಾರ್. ಗಂಟೆ ಹೊಡೆದ ಮೇಲೆ ಹೊರಗಿಂದ ತೆಗೀತಾರೆ. ಬನ್ನಿ, ಕೂತ್ಕೊಳ್ಳಿ. ಮೊದಲ ದಿನ ಎಲ್ರಿಗೂ ಹಾಗೇ ಅನ್ಸುತ್ತೆ."

5. ಉಳಿದ ಮೂವತ್ತೆಂಟು ನಿಮಿಷ ಕೆಳಸಹಿದಾರರಿಗೆ ಬೇರೆ ಕೆಲಸವಿಲ್ಲದ್ದರಿಂದ ಪಾಠ ಕೇಳಲಾಯಿತು. 'ಮಾನಕ ವಿಚಲನೆ' ಎಂಬ ಪದವನ್ನು ಅವರು ಏಳು ವಾರ್ಷಿಕ ವರದಿಗಳಲ್ಲಿ ಮುದ್ರಿಸಿದ್ದು, ಅದು ಏನೆಂದು ತಿಳಿದಿರಲಿಲ್ಲ. ಏಳು ವರ್ಷ ಯಾರೂ ಕೇಳಿರಲೂ ಇಲ್ಲ. ಅಕ್ಕಪಕ್ಕದವರೆಲ್ಲ ಕೈ ಎತ್ತುವುದನ್ನು ನೋಡಿ ಅವರ ಕೈಯೂ ಮೇಲೆ ಹೋಯಿತು, ಏಳು ವರ್ಷದ ಆ ಪ್ರಶ್ನೆಯೂ ಹೊರಬಂತು. ಮೇಡಂ ಅವರ ಉತ್ತರ: "ಅಣ್ಣ ದಿನಾ ಐದು ನಿಮಿಷ ತಡ. ತಮ್ಮ ಒಂದಿನ ಹತ್ತು ನಿಮಿಷ ತಡ, ಒಂದಿನ ಸರಿಯಾದ ಹೊತ್ತಿಗೇ ಬರ್ತಾನೆ. ಇಬ್ಬರ ಸರಾಸರಿ ಒಂದೇ ಸಾರ್. ಆದ್ರೆ ಯಾರನ್ನ ನಂಬ್ಕೊಂಡು ಅಮ್ಮ ಒಲೆ ಮೇಲೆ ಚಹಾ ಇಡ್ಬೇಕು?" ಕೆಳಸಹಿದಾರರಿಗೆ ಅರ್ಥವಾಯಿತು. ತಮ್ಮ ಏಳೂ ವರದಿಗಳು ತಪ್ಪು ಎಂಬುದೂ ಅದೇ ಕ್ಷಣ ಅರ್ಥವಾಯಿತು.

6. ಗಂಟೆ ಹೊಡೆಯಿತು, ಹೊರಗಿನಿಂದ ಬಾಗಿಲು ತೆರೆಯಿತು. ಕಿಟಕಿಯಲ್ಲಿದ್ದ ಎಣಿಕೆ ಸಹಾಯಕರು ಬೆಂಚುಗಳ ಮೇಲೆ 43 ತಲೆಗಳನ್ನು ಎಣಿಸಿ, 42ರಿಂದ ಭಾಗಿಸಿ, ಆ ದಿನದ ನಿರಂತರತೆ ಶೇಕಡಾ 102.38 ಎಂದು ನಮೂದಿಸಿದರು. ಹೆಚ್ಚುವರಿ ತಲೆಯ ವಿವರಣೆಯಲ್ಲಿ 'ಬೋಳು' ಎಂದಿದೆ.

7. ಕೋಣೆಗೆ ಮರಳಿದ ಕೆಳಸಹಿದಾರರು ನಿರಂತರತೆಯ ಗುಟ್ಟು ಸಿಕ್ಕಿತೆಂದು ಒಂದೇ ಉಸಿರಿಗೆ ಕರಡು ಬರೆದರು. ಕರಡಿನ ಮುಖ್ಯಾಂಶಗಳು:

(ಅ) ಎಲ್ಲ 63 ಕೊಠಡಿಗಳ ಒಳಹಿಡಿಕೆಗಳನ್ನು ಕಳಚತಕ್ಕದ್ದು.
(ಆ) ಕಿಟಕಿಯಿಂದ ಹಾರುವವರನ್ನು 'ಭಾಗಶಃ ನಿರಂತರ' ಎಂದು ಪರಿಗಣಿಸತಕ್ಕದ್ದು. ಈ ಸೌಲಭ್ಯ ನೆಲಮಹಡಿಗೆ ಮಾತ್ರ.
(ಇ) ಬೆಂಕಿ ಬಿದ್ದಲ್ಲಿ, ಮೂರು ಪ್ರತಿಗಳಲ್ಲಿ ಅರ್ಜಿ ಬರೆದು ಬಾಗಿಲ ಸಂದಿಯಿಂದ ಹೊರಗೆ ತಳ್ಳತಕ್ಕದ್ದು.
(ಈ) ವರ್ಷದ ಉತ್ತಮ ಬೋಧಕ ಪ್ರಶಸ್ತಿಯನ್ನು ಒಂಬತ್ತನೇ ಕೊಠಡಿಯಲ್ಲಿ ಇಲ್ಲದ ಹಿಡಿಕೆಗೆ ನೀಡತಕ್ಕದ್ದು.
(ಉ) ಫಲಿತಾಂಶ ಹಿಡಿಕೆಯದೇ ಹೊರತು ಮೇಡಂ ಅವರದಲ್ಲವಾದ್ದರಿಂದ, ತರಗತಿ ಮುಚ್ಚುವ ಆದೇಶ ಹಾಗೆಯೇ ಉಳಿಯತಕ್ಕದ್ದು.

ಕೊನೆಯ ಅಂಶ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಕಾರಣ ಶಾಯಿ ಎಂದು ಅಂಚಿನಲ್ಲಿ ಬರೆದಿಡಲಾಗಿದೆ.

8. ಹಿಡಿಕೆ ಕಳಚಲು ಎಷ್ಟು ದಿನ ಬೇಕೆಂದು ಕೇಳಿ ಕರಡನ್ನು ಬಡಗಿಯವರಿಗೆ ಕಳುಹಿಸಲಾಯಿತು. ಅವರ ಟಿಪ್ಪಣಿ: "ಸ್ವಾಮಿ, ಆ ರೂಮಿನ ಹಿಡಿಕೆ ಬಿದ್ದಿದ್ದು ಹೋದ ತಿಂಗಳು, ಅದೂ ಆರೇ ದಿನ. ಏಳನೇ ದಿನ ನಾನೇ ಹೊಸದು ಹಾಕಿದೀನಿ. ನಾಲ್ಕು ತಿರುಪು. ಆನೆ ಎಳೆದ್ರೂ ಬರಲ್ಲ. ಯಾರಾದ್ರೂ ಕೂತು ಬಿಚ್ಚಬೇಕು, ಅಷ್ಟೇ."

9. ಕೆಳಸಹಿದಾರರು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಒಂಬತ್ತನೇ ಕೊಠಡಿಗೆ ಹೋದರು. ಪಾಠ ನಡೆಯುತ್ತಿತ್ತು. ಒಳಗಡೆಯ ಹಿಡಿಕೆ ಬಾಗಿಲ ಮೇಲೆಯೇ ಹೊಳೆಯುತ್ತಿತ್ತು. ಮೂರು ಸಲ ತಿರುಗಿಸಿ ನೋಡಲಾಗಿ, ಮೂರು ಸಲವೂ ತೆರೆಯಿತು. ವಕೀಲೆ ಎದ್ದು ನಿಂತಳು. "ಬಿಚ್ಚಿದ್ದು ನಾವೇ ಸಾರ್, ನಿಮ್ಮೊಬ್ರಿಗೋಸ್ಕರ. ಮೂರು ತಿಂಗಳಿಂದ ಕಿಟಕೀಲಿ ನಿಂತು ನಮ್ಮನ್ನ ಎಣಿಸಿದ್ರಿ. ಯಾಕಪ್ಪಾ ಎದ್ದು ಹೋಗ್ತೀರಾ, ಯಾಕೆ ಕೂತಿದೀರಾ ಅಂತ ಒಬ್ರೂ ಒಳಗೆ ಬಂದು ಕೇಳ್ಲಿಲ್ಲ."

ಆದ್ದರಿಂದ ಕೇಳಲಾಯಿತು. ಆ ಆರು ದಿನ ನಿಜವಾಗಿಯೂ ಸಿಕ್ಕಿಬಿದ್ದಿದ್ದಾಗ, ಮೂರನೇ ದಿನ ಸೀಮೆಸುಣ್ಣ ಮುಗಿದು, ತರಲು ಹೋಗಲಾಗದೆ, ಮೇಡಂ ಅವರು ಹಲಗೆ ಬಿಟ್ಟು ತಿರುಗಬೇಕಾಯಿತು. "ತಿರುಗಿದ್ರೆ ನಲವತ್ತೆರಡು ಮುಖ. ನಂಗೇ ಗಾಬರಿ ಆಯ್ತು ಸಾರ್. ಏನ್ ಮಾಡ್ಲಿ ಅಂತ ಗೊತ್ತಾಗ್ದೆ, ಏನಾದ್ರೂ ಕೇಳ್ರಪ್ಪಾ ಅಂದೆ. ಕೇಳೋಕೆ ಶುರು ಮಾಡಿದವರು ಇನ್ನೂ ನಿಲ್ಸಿಲ್ಲ." ಹಿಡಿಕೆ ಬಂದ ಮೇಲೂ ಹೋಗದಿರಲು ವಿದ್ಯಾರ್ಥಿಗಳು ಕೊಟ್ಟ ಕಾರಣ: "ಎದ್ದು ಹೋದ್ರೆ ಆಮೇಲೆ ಏನಾಯ್ತು ಅಂತ ಪಕ್ಕದವನ್ನ ಕೇಳ್ಬೇಕು ಸಾರ್. ಅವನು ಸುಳ್ಳ." ಹಿಡಿಕೆ ಬಿಚ್ಚುವ ಸಂಚು ಮೇಡಂ ಅವರಿಗೂ ಗೊತ್ತಿತ್ತೇ ಎಂದು ಪ್ರಶ್ನಿಸಿದಾಗ, ಮೇಡಂ ಅವರು ಬಹಳ ದಿನಗಳ ನಂತರ ಪಾಠದ ನಡುವೆ ಹಲಗೆಯ ಕಡೆ ತಿರುಗಿದರು.

ಕೊನೆಗೆ ವಕೀಲೆ ಹೇಳಿದ್ದು: "ಒಂದು ಮಾತು ಬರ್ಕೊಳ್ಳಿ ಸಾರ್. ಈ ತಿಂಗಳು ನಮ್ಮ ಕ್ಲಾಸಿಂದ ಅರ್ಧಕ್ಕೇ ಎದ್ದು ಹೋಗೋಕೆ ನೋಡಿದವರು ನೀವೊಬ್ರೇ."

10. ಮೇಲ್ಕಂಡ ಕಾರಣಗಳಿಂದ ಈ ಮೂಲಕ ಸೂಚಿಸುವುದೇನೆಂದರೆ: ತರಗತಿ ಮುಚ್ಚುವ ಆದೇಶವನ್ನೂ, 7ನೇ ಅಂಶದ ಕರಡನ್ನೂ ಹಿಂಪಡೆಯಲಾಗಿದೆ. ಉಗ್ರಾಣದ ದಾರವನ್ನು ಉಗ್ರಾಣವೇ ಇಟ್ಟುಕೊಳ್ಳತಕ್ಕದ್ದು. ಈ ವರ್ಷ ಹೇಳದೆ ಉಳಿದ 'ಗೊತ್ತಾಯ್ತಲ್ಲ?'ಗಳನ್ನು ಮುಂದಿನ ವರ್ಷಕ್ಕೆ ಒಯ್ಯತಕ್ಕದ್ದಲ್ಲ. ಎಣಿಕೆ ಸಹಾಯಕರಿಗೆ ತರಗತಿಯ ಒಳಗೆ ಜಾಗ ಕೊಡತಕ್ಕದ್ದು. ಕಿಟಕಿಗೆ ಮೂರು ತಿಂಗಳ ವಿಶ್ರಾಂತಿ ಮಂಜೂರಾಗಿದೆ. ಕೋಶದ ಪ್ರತಿಯೊಬ್ಬರೂ ವಾರಕ್ಕೊಂದು ಪೂರ್ತಿ ಪಾಠಕ್ಕೆ ಕೂತು ಒಂದು ಪ್ರಶ್ನೆ ಕೇಳತಕ್ಕದ್ದು. ಪೆದ್ದು ಪ್ರಶ್ನೆಗಳಿಗೆ ಆದ್ಯತೆ. ಶೇಕಡಾ 102.38 ಎಂಬ ಅಂಕಿಯನ್ನು ತಿದ್ದತಕ್ಕದ್ದಲ್ಲ. ಅಂದು ಕೊಠಡಿಯಲ್ಲಿ 43 ವಿದ್ಯಾರ್ಥಿಗಳು ಇದ್ದದ್ದು ಹೌದು.

11. 9ನೇ ಅಂಶದ ಕೊನೆಯ ಮಾತಿಗೆ ನಕ್ಕವರ ಬಗ್ಗೆ: ಮೊದಲು ಎಲ್ಲರೂ ಕೆಳಸಹಿದಾರರ ಮುಖ ನೋಡಿದರು. ನಂತರ ನಗಲಾಯಿತು. ಒಟ್ಟು ನಕ್ಕವರು 44. ಅತಿ ಜೋರಾದ ನಗು ಬಾಗಿಲ ಬಳಿಯಿಂದ ಬಂದಿದ್ದು, ಸದರಿ ವ್ಯಕ್ತಿ ಬೀಳದಿರಲು ಹಿಡಿಕೆಯನ್ನು ಹಿಡಿದುಕೊಂಡಿದ್ದರು. ಹಿಡಿಕೆ ಕಿತ್ತು ಕೈಗೆ ಬಂತು. ತಿರುಪು ವಾಪಸು ಹಾಕಿದವರು ಎರಡೇ ಹಾಕಿದ್ದರೆಂದು ಆಮೇಲೆ ತಿಳಿಯಿತು. ಬಾಗಿಲು ಮುಚ್ಚಿತು. ಗಂಟೆ ಹೊಡೆಯಲು ಇನ್ನೂ ಹದಿನೈದು ನಿಮಿಷವಿತ್ತು. ಅದೇ ವ್ಯಕ್ತಿ, ಇನ್ನೂ ನಗುತ್ತಲೇ, ಕೊನೆಯ ಬೆಂಚಿಗೆ ಹೋಗಿ ಕೂತರು.

ಸಹಿ/-
ಮುಖ್ಯಸ್ಥರು, ಹಾಗೂ ಕ್ರಮಸಂಖ್ಯೆ 43,
ಒಂಬತ್ತನೇ ಕೊಠಡಿ

ಪ್ರತಿಗಳು:
1. ಎಲ್ಲ ಉಪನ್ಯಾಸಕರಿಗೆ (ಹಲಗೆಯ ಮೇಲಲ್ಲ, ಮುಖಕ್ಕೆ ಮುಖ ಕೊಟ್ಟು ಓದಿ ಹೇಳತಕ್ಕದ್ದು).
2. ಭೌತಶಾಸ್ತ್ರ ಉಪನ್ಯಾಸಕರಿಗೆ, ಮಂಡಿ ನೋವಿನ ಮುಲಾಮಿನೊಂದಿಗೆ.
3. ಬಡಗಿಯವರಿಗೆ, ಇನ್ನೆರಡು ತಿರುಪು ಕೋರಿ. ಅವಸರವಿಲ್ಲ.
4. ಕೆಳಸಹಿದಾರರ ಮನೆಯವರಿಗೆ, ಆ ದಿನ ಗಂಟೆ ಹೊಡೆದ ಮೇಲೂ ಪ್ರಶ್ನೆಗಳು ಮುಗಿಯದೆ ಊಟಕ್ಕೆ ತಡವಾದ ಬಗ್ಗೆ. 'ಸರಾಸರಿ ತೆಗೆದರೆ ತಡವಾಗಿಲ್ಲ' ಎಂಬ ವಿವರಣೆಯನ್ನು ಅವರು ಒಪ್ಪಿರುವುದಿಲ್ಲ.
5. ಕಡತಕ್ಕೆ.